ಹೊಗೆರಾಯರು ಮೂಸಿದ ಬಾಟಲಿ

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ ಕೊಡುತ್ತಾನೆ, ಇನ್ನು ಕೆಲವರಿಗೆ ಮಾವನ ಮನೆಯಿಂದ ಆಸ್ತಿ ಕೊಡಿಸುತ್ತಾನೆ. ಹೊಗೆರಾಯರ ಸರದಿ ಬರುವ ಹೊತ್ತಿಗೆ ಇವೆಲ್ಲ ಖರ್ಚಾಗಿ ಒಂದು ಮೂಗು ಮಾತ್ರ ಉಳಿದಿತ್ತೆಂದು ಕಾಣುತ್ತದೆ. ಅದನ್ನೇ ಕೊಟ್ಟು ಕಳಿಸಿದ.

ನೋಡುವುದಕ್ಕೆ ಅದು ಅಂಥ ದೊಡ್ಡ ಮೂಗೇನಲ್ಲ. ಕನ್ನಡಕ ಜಾರದೆ ನಿಲ್ಲುವಷ್ಟಿತ್ತು. ಆದರೆ ಒಂದು ದೊಡ್ಡ ಕಚೇರಿಯ ನೆಲಮಾಳಿಗೆಯಲ್ಲಿ, ದಾಖಲೆ ಕೋಣೆಯ ಮೇಲ್ವಿಚಾರಕರಾಗಿ, ನಲವತ್ತು ಕಪಾಟು ಹಳೆಯ ಕಡತಗಳ ನಡುವೆ ಇಪ್ಪತ್ತೇಳು ವರ್ಷ ಕುಳಿತು ಅದು ಹದಗೊಂಡಿತ್ತು. ಕಾಗದ ಕಾಯುವವನಿಗೆ ಬೆಂಕಿಗಿಂತ ದೊಡ್ಡ ಶತ್ರು ಇಲ್ಲ. ಮೂರು ಗೋಡೆಗಳಾಚೆ ಮೆಟ್ಟಿಲ ಮೇಲೆ ಯಾರಾದರೂ ಸಿಗರೇಟು ಹಚ್ಚಿದರೆ ರಾಯರು ಕೆಳಗಿನಿಂದಲೇ, "ಯಾರಪ್ಪಾ ಅದು, ಟಪಾಲು ವಿಭಾಗದವರಾ?" ಎಂದು ಕೂಗುತ್ತಿದ್ದರು. ಕಾಗದ ಸುಟ್ಟರೆ ಒಂದು ವಾಸನೆ, ರಬ್ಬರು ಸುಟ್ಟರೆ ಒಂದು, ತಂತಿ ಸುಟ್ಟರೆ ಇನ್ನೊಂದು. ಬಡ್ತಿ ತಪ್ಪಿದವರ ಹೊಟ್ಟೆಕಿಚ್ಚು ಒಂದನ್ನು ಬಿಟ್ಟು ಮಿಕ್ಕೆಲ್ಲ ಉರಿಯನ್ನೂ ಅವರು ಕಣ್ಣು ಮುಚ್ಚಿ ಗುರುತಿಸುತ್ತಿದ್ದರು. ಹೊಗೆರಾಯರು ಎಂಬ ಹೆಸರು ಬಂದದ್ದೇ ಹೀಗೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ಆದರೆ ಬೆಂಕಿಯೇ ಬೀಳದ ಕೋಣೆಯ ಕಾವಲುಗಾರನನ್ನು ಯಾರು ಹೊಗಳುತ್ತಾರೆ? ಕಚೇರಿಯಲ್ಲಿ ಅವರನ್ನು ನೆಲಮಾಳಿಗೆಗೆ ಇಳಿದು ಮಾತಾಡಿಸುವವರೇ ಇರಲಿಲ್ಲ. ಬೆಲೆ ಸಿಕ್ಕಿದ್ದು ಮನೆಯಿದ್ದ ಕಟ್ಟಡದಲ್ಲಿ. ನಾಲ್ಕು ಅಂತಸ್ತಿನ ಕಟ್ಟಡ, ಅಂತಸ್ತಿಗೆ ಎರಡು ಮನೆ. ಕೆಳಗೆ ಮೆಟ್ಟಿಲ ಪಕ್ಕ ಗಾಜಿನ ಬಾಗಿಲಿನ ಒಂದು ಮರದ ಪೆಟ್ಟಿಗೆ, ಅದರೊಳಗೆ ಸಣ್ಣ ಕುಂಬಳಕಾಯಿಯಷ್ಟು ದಪ್ಪದ ಹಿತ್ತಾಳೆ ಗಂಟೆ. ಬೆಂಕಿ ಎಂದಾಗ ಅದನ್ನು ಬಾರಿಸಬೇಕು; ಬಾರಿಸಿದಾಗ ಎಲ್ಲರೂ ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು, ಬಾಗಿಲನ್ನೂ ಹಾಕದೆ ಬೀದಿಗೆ ಇಳಿಯಬೇಕು. ಮಕ್ಕಳು ಬಾರಿಸಿ ಆಟವಾಡುತ್ತಾರೆಂದು ಪೆಟ್ಟಿಗೆಗೆ ಬೀಗ ಹಾಕಿದ್ದರು. ಆ ಬೀಗದಕೈ, ಕಟ್ಟಡದ ಅಗ್ನಿ ಸುರಕ್ಷತಾ ಕಾರ್ಯದರ್ಶಿಗಳಾದ ರಾಯರ ಕೊರಳಲ್ಲಿ ಒಂದು ದಾರಕ್ಕೆ ನೇತಾಡುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

"ಬೆಂಕಿ ಬಿದ್ರೆ ನೀವು ಮೊದಲು ನನ್ನ ಹುಡುಕ್ತೀರೋ ಆ ಬೀಗದಕೈ ಹುಡುಕ್ತೀರೋ?" ಎಂದು ಹೆಂಡತಿ ಒಮ್ಮೆ ಕೇಳಿದ್ದರು.

"ಬೀಗದಕೈ ಕೊರಳಲ್ಲೇ ಇರುತ್ತಲ್ಲ, ಹುಡುಕೋದೇನು ಬಂತು? ನಿನ್ನನ್ನೇ ಹುಡುಕ್ತೀನಿ," ಎಂದಿದ್ದರು ರಾಯರು. ಹೆಂಡತಿಗೆ ಇದರಿಂದ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಆದರೆ ಆ ವರ್ಷ ಕಾಲ ಸರಿಯಿರಲಿಲ್ಲ. ಎರಡು ಸಲ ಗಂಟೆ ಬಾರಿಸಿ ಎರಡು ಸಲವೂ ಮುಖಭಂಗವಾಯಿತು. ಮೊದಲ ಸಲ ನಾಲ್ಕನೇ ಅಂತಸ್ತಿನ ಹುಡುಗಿ ನಿಶ್ಚಿತಾರ್ಥಕ್ಕೆ ಮುಂಚೆ ತಾರಸಿಯ ಮೇಲೆ ಯಾವುದೋ ಹಳೆಯ ಪತ್ರಗಳನ್ನು ಸುಡುತ್ತಿದ್ದಳು. ಗಂಟೆಯ ದೆಸೆಯಿಂದ ಆ ಗುಟ್ಟು ಇಡೀ ಬೀದಿಗೆ ತಿಳಿಯಿತು. ಎರಡನೇ ಸಲ ರಾಯರ ಮನೆಯಲ್ಲೇ ಹಾಲು ಸೀದಿತ್ತು. ಆಗ ಸಂಘದ ಅಧ್ಯಕ್ಷರಾದ ಲೆಕ್ಕದ ಮೇಷ್ಟ್ರು ಸಭೆ ಕರೆದರು. ಮೊದಲನೇ ಅಂತಸ್ತಿನಲ್ಲಿದ್ದ ಇವರು ನಿದ್ದೆಯಲ್ಲೂ ಬೆರಳೆಣಿಸುವ ಮನುಷ್ಯ.

"ಒಂದು ಸಲ ತಪ್ಪಾದ್ರೆ ಆಕಸ್ಮಿಕ. ಎರಡು ಸಲ ಆದ್ರೆ ಅಭ್ಯಾಸ. ಮೂರನೇ ಸಲ ಆದ್ರೆ ಅದು ಸೂತ್ರ," ಎಂದರು ಮೇಷ್ಟ್ರು. "ಮೂರನೇ ಸಲ ಬೆಂಕಿ ಇಲ್ಲದೆ ಗಂಟೆ ಬಾರಿಸಿದ್ರೆ ಬೀಗದಕೈ ನನ್ನ ಕೈಗೆ. ಒಪ್ಪಿಗೆ ಇರೋರು ಕೈ ಎತ್ತಿ."

ಎಲ್ಲರೂ ಎತ್ತಿದರು. ಬರೆದುಕೊಳ್ಳುತ್ತಿದ್ದ ರಾಯರೂ ಅಭ್ಯಾಸಬಲದಿಂದ ಎತ್ತಿಬಿಟ್ಟರು.

ಹೀಗಿರುವಾಗ ಒಂದು ಭಾನುವಾರ ಸಾಯಂಕಾಲ ಐದು ಗಂಟೆ. ರಾಯರ ಮನೆ ಎರಡನೇ ಅಂತಸ್ತಿನಲ್ಲಿ. ಅದರ ನೇರ ಮೇಲೆ ಹಲ್ಲಿನ ಡಾಕ್ಟರ ಮನೆ. ಡಾಕ್ಟರಿಗೆ ಹಡಗಿನ ಅಡುಗೆಯವನೊಬ್ಬ ರೋಗಿ. ನಾಲ್ಕು ದವಡೆಹಲ್ಲು ನೋವಿಲ್ಲದೆ ಕೀಳಿಸಿಕೊಂಡ ಉಪಕಾರಕ್ಕೆ ಅವನು ಒಂದು ಬಾಟಲಿ ಸ್ಕಾಚ್ ವಿಸ್ಕಿ ತಂದುಕೊಟ್ಟಿದ್ದ. ಅಂಥಿಂಥ ವಿಸ್ಕಿಯಲ್ಲ, ಹೊಗೆಯಾಡಿಸಿದ ಧಾನ್ಯದಿಂದ ಮಾಡಿ, ಕಡೆಗಾಲದಲ್ಲಿ ವೈನಿನ ಪೀಪಾಯಿಯಲ್ಲಿ ಮಲಗಿಸಿ ತೆಗೆದದ್ದು. ಇಂಥದ್ದನ್ನು ಸುಮ್ಮನೆ ಕುಡಿಯಬಾರದು, ಆಸ್ವಾದಿಸಬೇಕು ಎಂದು ಡಾಕ್ಟರು ಎಲ್ಲೋ ಓದಿದ್ದರು. ಅದಕ್ಕಾಗಿ 'ರುಚಿ ಮಂಡಳಿ' ಎಂಬುದನ್ನು ಸ್ಥಾಪಿಸಿದರು. ಸದಸ್ಯರು ಇಬ್ಬರು: ಡಾಕ್ಟರು, ಮತ್ತು ಎದುರು ಮನೆಯ ಬಣ್ಣದಂಗಡಿ ಯಜಮಾನರು. ಇಬ್ಬರ ಕೈಯಲ್ಲೂ ಒಂದೊಂದು ಹೊಸ ನೋಟು ಪುಸ್ತಕ.

ಅರ್ಧ ಗಂಟೆ ಮೂಸಿದ ಮೇಲೆ ಡಾಕ್ಟರು "ಲವಂಗದೆಣ್ಣೆ" ಎಂದು ಬರೆದರು. ಯಜಮಾನರು "ಬಾಗಿಲಿಗೆ ಹೊಡೆಯುವ ವಾರ್ನಿಷ್" ಎಂದು ಬರೆದರು. ಅಷ್ಟಕ್ಕೆ ಮಂಡಳಿಯ ಬಂಡವಾಳ ಮುಗಿಯಿತು. ಬಟ್ಟಲಿನಲ್ಲಿ ಹಳೆಯ ವಾಸನೆ ಉಳಿದಿರಬಹುದೆಂದು, ಹೆಚ್ಚು ತಿಳಿದವರು ಮಾಡುವಂತೆ, ಅದೇ ವಿಸ್ಕಿಯಿಂದ ಬಟ್ಟಲುಗಳನ್ನು ತೊಳೆದು ಕೈತೊಟ್ಟಿಗೆ ಸುರಿದರು. ಕೈತೊಟ್ಟಿಯ ಕೊಳವೆ ಗೋಡೆಯೊಳಗೆ ಇಳಿದು ರಾಯರ ಬಚ್ಚಲ ಮೂಲಕ ಹಾದುಹೋಗುತ್ತಿತ್ತು.

ರಾಯರು ಆಗತಾನೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಬಗ್ಗಿದ್ದರು. ಮೂಗು ನಿಂತುಬಿಟ್ಟಿತು. ಹೊಗೆ! ಅದೂ ಎಂಥ ಹೊಗೆ, ಒದ್ದೆ ಹೊಗೆ. ಅದರಲ್ಲಿ ಆಸ್ಪತ್ರೆಯ ಬ್ಯಾಂಡೇಜು, ಟಿಂಚರು, ಡಾಂಬರು ಹಚ್ಚಿದ ಹಗ್ಗ. ರಾಯರ ತಲೆ ಮಿಂಚಿನಂತೆ ಓಡಿತು. ಬ್ಯಾಂಡೇಜು ಇರುವುದು ಯಾರ ಮನೆಯಲ್ಲಿ? ಡಾಕ್ಟರ ಮನೆಯಲ್ಲಿ. ಮೇಲಿರುವವರು ಯಾರು? ಡಾಕ್ಟರೇ. ಒದ್ದೆ ಯಾಕೆ? ಆರಿಸಲು ನೀರು ಸುರಿಯುತ್ತಿದ್ದಾರೆ, ಸಾಲುತ್ತಿಲ್ಲ! ಇಷ್ಟು ಚೊಕ್ಕವಾಗಿ ತಪ್ಪು ಮಾಡುವುದು ನಿಜವಾದ ಪರಿಣತರಿಗೆ ಮಾತ್ರ ಸಾಧ್ಯ.

"ಲೇ, ಫೋನ್ ಮಾಡು! ಡಾಕ್ಟರ ಔಷಧಿಗೆಲ್ಲ ಬೆಂಕಿ!" ಎಂದು ಕೂಗುತ್ತ ರಾಯರು ಸೋಪಿನ ಮುಖದಲ್ಲೇ ಕೆಳಗೆ ಓಡಿದರು. ಗಂಟೆ ಬಾರಿಸುವುದು ಗಂಡ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದು ಹೆಂಡತಿ ಎಂದು ಆ ಮನೆಯಲ್ಲಿ ಮೊದಲೇ ಕೆಲಸ ಹಂಚಿಕೆಯಾಗಿತ್ತು.

ಗಂಟೆ ಮೊಳಗಿತು. ಕಟ್ಟಡ ಬೀದಿಗೆ ಇಳಿಯಿತು. ಒಬ್ಬರ ಕೈಯಲ್ಲಿ ಸೌಟು, ಒಬ್ಬರ ತಲೆಯಲ್ಲಿ ಅರ್ಧ ಹಚ್ಚಿದ ಬಣ್ಣ. ಲೆಕ್ಕದ ಮೇಷ್ಟ್ರು ಗರಿಗರಿ ಪ್ಯಾಂಟು, ಮಿರಿಮಿರಿ ಬೂಟು, ಅದರ ಮೇಲೆ ಬರೀ ಬನಿಯನ್ನಿನಲ್ಲಿ ಬಂದರು.

"ಆರೂವರೆಗೆ ಸಂಘದ ಸಭೆ ಇದೆ ಅಂತ ತಯಾರಾಗ್ತಾ ಇದ್ದೆ. ಒಂದು ಅಂಗಿ ಹಾಕ್ಕೊಳ್ಳೋಕೂ ಬಿಡಲಿಲ್ಲವಲ್ಲ ಮಹಾರಾಯ!" ಎಂದು ಅವರು ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡರು. "ಎಲ್ಲಿ ಬೆಂಕಿ?"

"ಡಾಕ್ಟರ ಮನೇಲಿ ಮೇಷ್ಟ್ರೇ. ಬ್ಯಾಂಡೇಜು ಉರೀತಾ ಇದೆ."

"ಕಣ್ಣಲ್ಲಿ ನೋಡಿದ್ರಾ?"

"ಮೂಗಲ್ಲಿ ನೋಡಿದೆ."

ಮೇಷ್ಟ್ರು ಆಕಾಶ ನೋಡಿದರು. ಅಷ್ಟರಲ್ಲಿ ಅಗ್ನಿಶಾಮಕದ ಕೆಂಪು ಗಾಡಿ ಬಂದೇಬಿಟ್ಟಿತು. ದಪ್ಪ ಮೀಸೆಯ ಅಧಿಕಾರಿ ಇಳಿದು, ಇಬ್ಬರು ಸಿಬ್ಬಂದಿಯೊಂದಿಗೆ ಮೂರನೇ ಅಂತಸ್ತಿಗೆ ನುಗ್ಗಿದರು. ಬೆನ್ನಿಗೇ ರಾಯರು, ಅವರ ಬೆನ್ನಿಗೆ ಮೇಷ್ಟ್ರು, ಅವರ ಬೆನ್ನಿಗೆ ಬೀದಿಯಲ್ಲಿ ನಿಂತು ಬೇಸರವಾಗಿದ್ದ ಇಡೀ ಕಟ್ಟಡ. ಬಾಗಿಲು ತಳ್ಳಿದರೆ, ಡಾಕ್ಟರೂ ಯಜಮಾನರೂ ಎದುರುಬದುರು ಕುಳಿತು, ಕಣ್ಣು ಮುಚ್ಚಿ, ಬಟ್ಟಲಲ್ಲಿ ಮೂಗು ಇಟ್ಟುಕೊಂಡಿದ್ದಾರೆ. ಗಂಟೆ ಕೇಳಿಸಿತ್ತಂತೆ. ಡಾಕ್ಟರು ಅದನ್ನು ಬಾಗಿಲ ಕರೆಗಂಟೆ ಎಂದುಕೊಂಡರು; ಯಜಮಾನರು ತಮ್ಮ ಕಿವಿಯೊಳಗೇ ಮೊದಲ ಗುಟುಕು ಕೆಲಸ ಶುರು ಮಾಡಿದೆ ಎಂದುಕೊಂಡರು.

ಬೆಂಕಿ ಇಲ್ಲ. ಹೊಗೆ ಕಣ್ಣಿಗೆ ಕಾಣುವುದಿಲ್ಲ. ಆದರೆ ವಾಸನೆ ಮಾತ್ರ ಕೋಣೆ ತುಂಬ. ರಾಯರು ಬೇಟೆನಾಯಿಯ ಹಾಗೆ ಕೋಣೆ ಸುತ್ತಿ, ಮೇಜಿನ ಹತ್ತಿರ ಬಂದು, ಬಾಟಲಿಯ ಬಾಯಿಗೆ ಮೂಗಿಟ್ಟು ನಿಂತರು. ಸೋಪು ಒಣಗಿದ ಮುಖ ಬಿಳಿಚಿಕೊಂಡಿತು.

"ಸಿಕ್ತಾ ಬೆಂಕಿ?" ಎಂದರು ಮೇಷ್ಟ್ರು, ಬಹಳ ಮೃದುವಾಗಿ.

ಅಧಿಕಾರಿ ಜೇಬಿನಿಂದ ಒಂದು ನಮೂನೆ ತೆಗೆದರು. "ಸುಳ್ಳು ಕರೆ ಅಂತ ಬರೀಲಾ?"

"ಬರೀರಿ ಸಾರ್, ದಪ್ಪ ಅಕ್ಷರದಲ್ಲಿ ಬರೀರಿ. ಇದು ಮೂರನೇದು. ರಾಯರೇ, ಬೀಗದಕೈ."

ರಾಯರ ಕೈ ತಾನಾಗಿ ಕೊರಳಿಗೆ ಹೋಯಿತು. ಅವರಿಗೆ ನಿಜವಾಗಿ ದುಃಖವಾಯಿತು. ಆರು ದಿನ ನೆಲಮಾಳಿಗೆಯಲ್ಲಿ ಯಾರಿಗೂ ಬೇಡದ ಮನುಷ್ಯನಾಗಿದ್ದು, ಏಳನೇ ದಿನ ಮೆಟ್ಟಿಲಿಳಿಯುವಾಗ ಮಕ್ಕಳು "ಗಂಟೆ ಅಂಕಲ್" ಎಂದು ಕೈಬೀಸುವುದು ಈ ಒಂದು ತುಂಡು ಹಿತ್ತಾಳೆಯಿಂದ. ಅದೂ ಹೋದರೆ ಉಳಿಯುವುದೇನು?

"ಸಾರ್, ನಾನು ಸುಳ್ಳು ಹೇಳಿಲ್ಲ," ಎಂದರು ಅಧಿಕಾರಿಗೆ. "ಹೊಗೆ ಇದೆ. ನೀವೇ ಮೂಸಿ ನೋಡಿ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಅಧಿಕಾರಿ ಮೂಸಿದರು. ಮೀಸೆ ಸ್ವಲ್ಪ ನಡುಗಿತು. "ಹೊಗೆ ಇರೋದು ನಿಜ," ಎಂದು ಒಪ್ಪಿಕೊಂಡರು. "ಆದ್ರೆ ಏನು ಸುಟ್ಟಿದೆ, ಎಲ್ಲಿ ಸುಟ್ಟಿದೆ, ಯಾವಾಗ ಸುಟ್ಟಿದೆ? ಈ ಮೂರು ಖಾನೆ ತುಂಬದೆ ನಾನು ಬೆಂಕಿ ಅಂತ ಬರೆಯೋ ಹಾಗಿಲ್ಲ."

"ಅದನ್ನ ಮೂಸಿ ಹೇಳೋಕಾಗಲ್ಲ. ರುಚಿ ನೋಡ್ಬೇಕು," ಎಂದರು ಡಾಕ್ಟರು ಉತ್ಸಾಹದಿಂದ. ಮಂಡಳಿಗೆ ಮೂರನೇ ಸದಸ್ಯ ಬೇಕಾಗಿತ್ತು.

ಎಲ್ಲರೂ ರಾಯರ ಕಡೆ ತಿರುಗಿದರು. ಯಾಕೆಂದರೆ ರಾಯರು ಹುಟ್ಟಿದಾರಭ್ಯ ಕೆಮ್ಮಿನ ಔಷಧಿಗಿಂತ ಗಟ್ಟಿಯಾದದ್ದನ್ನು ಕುಡಿದವರಲ್ಲ. ಅದನ್ನೂ ಮುಖ ಕಿವುಚಿ. ಅವರು ತಿರುಗಿ ಬಾಗಿಲಲ್ಲಿದ್ದ ಹೆಂಡತಿಯ ಮುಖ ನೋಡಿದರು. ಇಡೀ ಕಟ್ಟಡ ಆಕೆಯ ಮುಖ ನೋಡಿತು.

"ಕುಡೀರಿ," ಎಂದರು ಹೆಂಡತಿ. "ಬೀಗದಕೈ ಹೋದ್ರೆ ನೀವು ದಿನಾ ಮನೇಲಿ ಮುಖ ಊದಿಸ್ಕೊಂಡು ಕೂರ್ತೀರಿ. ಅದಕ್ಕಿಂತ ಇದು ವಾಸಿ."

ಡಾಕ್ಟರು ಅಳೆದು ಒಂದಿಷ್ಟು ಸುರಿದರು. "ಮೊದಲು ಮೂಸಿ. ಆಮೇಲೆ ಸಣ್ಣ ಗುಟುಕು. ಬಾಯೆಲ್ಲ ಆಡಿಸಿ. ಹಾಂ, ಮುಕ್ಕಳಿಸಿ... ಉಗೀರಿ... ಅಯ್ಯೋ ಇಲ್ಲ ಇಲ್ಲ, ಉಗೀಬೇಡಿ! ನುಂಗಿ ನುಂಗಿ!"

ರಾಯರು ನುಂಗಿದರು.

ಏನೆಂದು ಹೇಳುವುದು! ಮೊದಲು ಕಿವಿ ಕೆಂಪಾಯಿತು. ಗಂಟಲಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು. ಅಷ್ಟರಲ್ಲಿ ಹೊಗೆ ಎದ್ದು ಬಂತು, ಗದರಿಸುತ್ತಲೇ ಬಂತು. ಬಂದಮೇಲೆ ಅದು ಹೋಗದೆ ಕುಳಿತುಕೊಂಡಿತು, ಕುಳಿತು ನಿಧಾನವಾಗಿ ಮೆತ್ತಗಾಯಿತು. ಕೊನೆಗೆ, ಎಲ್ಲ ಮುಗಿಯಿತು ಎಂದುಕೊಳ್ಳುವಾಗ, ನಾಲಿಗೆಯ ಬದಿಯಲ್ಲಿ ಒಂದು ಕೆಂಪು ಸಿಹಿ ಹರಡಿತು. ಬಾಗಿಲಲ್ಲಿ ಬೈದು, ಒಳಗೆ ಕೂರಿಸಿ, ಹೊರಡುವಾಗ ಕೈತುಂಬ ಒಣದ್ರಾಕ್ಷಿ ಕೊಟ್ಟು ಕಳಿಸುವ ಸೋದರಮಾವನ ಹಾಗೆ. ರಾಯರ ಕಣ್ಣಲ್ಲಿ ನೀರಾಡಿತು. ಇಂಥದ್ದೊಂದು ವಸ್ತುವನ್ನು ಮನುಷ್ಯರು ತಾಳ್ಮೆಯಿಂದ ಮಾಡಿದ್ದಾರಲ್ಲ ಎಂದು ಅವರಿಗೆ ಮನುಷ್ಯರ ಮೇಲೆಯೇ ಗೌರವ ಬಂತು. ಕಣ್ಣೊರೆಸಿಕೊಂಡು, ಕಚೇರಿಯ ಗತ್ತಿನಲ್ಲಿ ಹೇಳಿದರು:

"ಬರ್ಕೊಳ್ಳಿ ಸಾರ್. ಸುಟ್ಟಿದ್ದು ಸೌದೆ ಅಲ್ಲ. ಇದ್ದಿಲೂ ಅಲ್ಲ. ಮಣ್ಣು."

ಎಲ್ಲರೂ ಗೊಳ್ಳೆಂದು ನಕ್ಕರು. "ಮಣ್ಣು ಸುಟ್ರೆ ಇಟ್ಟಿಗೆ ಆಗುತ್ತೆ ರಾಯರೇ, ವಿಸ್ಕಿ ಆಗಲ್ಲ," ಎಂದರು ಮೇಷ್ಟ್ರು.

"ಬರೀ ಮಣ್ಣಲ್ಲ ಮೇಷ್ಟ್ರೇ. ಜೌಗು ನೆಲದ ಮಣ್ಣು. ಹುಲ್ಲು, ಪಾಚಿ, ಬೇರು ಎಲ್ಲ ನೂರಾರು ವರ್ಷ ಒಂದರ ಮೇಲೊಂದು ಕೊಳೆತು ಗಟ್ಟಿಯಾಗಿರೋದು. ನಮ್ಮ ಮೂವತ್ತೊಂದನೇ ಕಪಾಟಿನ ಕೆಳಗಿನ ಅರೆಗೆ ಒಮ್ಮೆ ನೀರು ನುಗ್ಗಿತ್ತು. ಆ ಕಡತಗಳನ್ನ ಹತ್ತು ವರ್ಷ ಯಾರೂ ಬಿಚ್ಚಲಿಲ್ಲ. ಆಮೇಲೆ ಹೊರಗೆ ಹಾಕಿ ಸುಟ್ರು. ಆಗ ಬಂದಿತ್ತಲ್ಲ ವಾಸನೆ, ಅದರ ದೊಡ್ಡಣ್ಣ ಇದು."

ಡಾಕ್ಟರು ಬಾಟಲಿಯ ಡಬ್ಬಿ ತಿರುಗಿಸಿ, ಕನ್ನಡಕ ಏರಿಸಿ, ಸಣ್ಣ ಅಕ್ಷರ ಓದಿದರು. ಓದುತ್ತ ಓದುತ್ತ ದನಿ ಬದಲಾಯಿತು. "ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ ಉರಿಸಿ, ಆ ಹೊಗೇಲಿ ಮೊಳಕೆ ಬಂದ ಬಾರ್ಲಿ ಒಣಗಿಸ್ತಾರಂತೆ... ರಾಯರೇ!"

ನಗು ನಿಂತಿತು.

"ಪಕ್ಕದಲ್ಲೇ ಸಮುದ್ರ ಇದೆ," ಎಂದು ರಾಯರು ಮುಂದುವರಿಸಿದರು. "ಉಪ್ಪು ಗಾಳಿ ಬೀಸ್ತಾ ಇರುತ್ತೆ. ಬ್ಯಾಂಡೇಜು, ಹಗ್ಗ ಅಂತ ನಾನು ಮೋಸ ಹೋದದ್ದು ಇಲ್ಲೇ. ಆಮೇಲೆ ಇನ್ನೊಂದು ವಿಷಯ. ಇದಕ್ಕೆ ವರ್ಗಾವಣೆ ಆಗಿದೆ."

"ವಿಸ್ಕಿಗಾ?" ಎಂದರು ಬಣ್ಣದಂಗಡಿ ಯಜಮಾನರು.

"ಹೌದು. ಮೊದಲು ಬಹಳ ವರ್ಷ ಒಂದೇ ಪೀಪಾಯಿಯಲ್ಲಿ ಕೂತಿತ್ತು. ಒಳಗೆ ಕಪ್ಪಗೆ ಸುಟ್ಟ ಮರ, ಒಳ್ಳೇ ಮರ. ಅಲ್ಲಿ ಕೂತು ಸ್ವಲ್ಪ ಸಿಹಿ ಮಾತು ಕಲಿತಿದೆ. ಇನ್ನೇನು ನಿವೃತ್ತಿಗೆ ಒಂದೆರಡು ವರ್ಷ ಅನ್ನೋವಾಗ ಬೇರೆ ಪೀಪಾಯಿಗೆ ಎತ್ತಿ ಹಾಕಿದಾರೆ. ಆ ಪೀಪಾಯಿಯಲ್ಲಿ ಇದಕ್ಕೆ ಮುಂಚೆ ಬೇರೆ ಯಾರೋ ಇದ್ರು."

"ಯಾರು?" ಎಂದು ನಾಲ್ಕೈದು ಜನ ಒಟ್ಟಿಗೆ ಕೇಳಿದರು.

"ಕೆಂಪಗಿದ್ದೋರು. ದ್ರಾಕ್ಷಿ ಕಡೆಯೋರು. ಹಿಂದಿನ ಸಾಹೇಬ್ರು ಖಾಲಿ ಮಾಡಿ ಹೋದಮೇಲೂ ಮೇಜಿನ ಡ್ರಾಯರಲ್ಲಿ ಅವರ ವಾಸನೆ ಇರುತ್ತಲ್ಲ, ಹಾಗೆ ಉಳ್ಕೊಂಡಿದೆ."

ಡಾಕ್ಟರು ಓದಿದರು: "ಹತ್ತು ವರ್ಷ ಓಕ್ ಮರದ ಪೀಪಾಯಿ. ಕೊನೆಯ ಎರಡು ವರ್ಷ ಕೆಂಪು ವೈನ್ ಪೀಪಾಯಿ." ಓದಿ ಮುಗಿಸಿ ಡಬ್ಬಿಯನ್ನು ಎದೆಗೊತ್ತಿಕೊಂಡರು. ಬಣ್ಣದಂಗಡಿ ಯಜಮಾನರು ಎದ್ದು ನಿಂತು, ತಮ್ಮ ನೋಟು ಪುಸ್ತಕದ 'ವಾರ್ನಿಷ್' ಹಾಳೆಯನ್ನು ಹರಿದು ಮಡಚಿ ಜೇಬಿಗೆ ಹಾಕಿಕೊಂಡರು. ತಲೆಗೆ ಅರ್ಧ ಬಣ್ಣ ಹಚ್ಚಿದ್ದವರು, "ಇಷ್ಟು ದಿನ ಒಂದೇ ಮೆಟ್ಟಿಲು ಹತ್ತಿಳಿದ್ವಿ, ಗೊತ್ತೇ ಆಗಲಿಲ್ವಲ್ಲಾ!" ಎಂದು ಹಣೆ ಚಚ್ಚಿಕೊಂಡರು, ಕೈಗೆ ಬಣ್ಣ ಮೆತ್ತಿತು.

"ಆದ್ರೆ ರಾಯರೇ, ಹೊಗೆಗೂ ದ್ರಾಕ್ಷಿಗೂ ಒಳಗೆ ಜಗಳ ಬರಲ್ವಾ?" ಎಂದು ಅಧಿಕಾರಿ ಕೇಳಿದರು. ಅವರು ಕರ್ತವ್ಯವನ್ನು ಮರೆಯತೊಡಗಿದ್ದರು.

"ಮೊದಮೊದಲು ಬಂದಿರುತ್ತೆ ಸಾರ್. ಎರಡು ವರ್ಷ ಒಂದೇ ಕೋಣೇಲಿ ಕೂಡಿ ಹಾಕಿದ್ರೆ ಯಾರಾದ್ರೂ ರಾಜಿ ಆಗ್ತಾರೆ," ಎಂದು ರಾಯರು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮದುವೆಯಾದ ಮೇಲೆ ಗಂಡ ಇಷ್ಟು ಜನರೆದುರು ಇಷ್ಟು ಚೆನ್ನಾಗಿ ಮಾತಾಡಿದ್ದನ್ನು ಆಕೆ ಕಂಡಿರಲಿಲ್ಲ. ಹೆಮ್ಮೆಯಾಯಿತು.

ಆದರೆ ಮೆಚ್ಚುಗೆ ಬೇರೆ, ಲೆಕ್ಕ ಬೇರೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಒಪ್ಪಿದೆ. ಮೂಗು ಅಂದ್ರೆ ಇದು. ನನ್ನ ನಮಸ್ಕಾರ. ಆದ್ರೆ ಬೆಂಕಿ ಎಲ್ಲಿ ಆಯ್ತು? ಸಮುದ್ರದಾಚೆ. ಯಾವಾಗ ಆಯ್ತು? ಹನ್ನೆರಡು ವರ್ಷದ ಹಿಂದೆ. ಅದಕ್ಕೆ ಇವತ್ತು, ಇಲ್ಲಿ, ನನ್ನನ್ನ ಬನಿಯನ್ನಲ್ಲಿ ಬೀದಿಗೆ ಇಳಿಸಿದ್ದು ಯಾವ ನ್ಯಾಯ? ಸೂತ್ರ ಸೂತ್ರವೇ. ಕೊಡಿ."

ರಾಯರು ದಾರ ಬಿಚ್ಚಿ ಬೀಗದಕೈಯನ್ನು ಮೇಷ್ಟ್ರ ಕೈಗಿಟ್ಟರು. ಕೊರಳು ಬೋಳುಬೋಳಾಗಿ ಕಾಣಿಸಿತು. ಮೇಷ್ಟ್ರಿಗೆ ಅದನ್ನು ಇಟ್ಟುಕೊಳ್ಳಲು ಅಂಗಿಯ ಜೇಬಿರಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡರು.

"ಬೇಜಾರು ಮಾಡ್ಕೋಬೇಡಿ," ಎಂದು ಡಾಕ್ಟರು ರಾಯರ ಬಟ್ಟಲಿಗೆ ಇನ್ನೊಂದಿಷ್ಟು ಸುರಿದರು. "ಇವತ್ತಿಂದ ರುಚಿ ಮಂಡಳಿಗೆ ನೀವೇ ಅಧ್ಯಕ್ಷರು. ಹೇಳಿ, ಇನ್ನೇನು ಕಾಣುತ್ತೆ ಇದರಲ್ಲಿ?"

ರಾಯರು ಮನಸ್ಸಿಲ್ಲದೆ ಬಟ್ಟಲೆತ್ತಿ ಮೂಗಿನ ಹತ್ತಿರ ತಂದರು. ಅರ್ಧದಲ್ಲೇ ಕೈ ನಿಂತಿತು.

"ಹತ್ತಿ," ಎಂದರು.

"ಹತ್ತಿ!" ಎಂದು ಡಾಕ್ಟರು ಬರೆದುಕೊಂಡರು.

"ಸುಡ್ತಾ ಇದೆ."

"ಸುಟ್ಟ ಹತ್ತಿ. ಭೇಷ್."

"ಗಂಜಿ ಹಾಕಿದ ಹತ್ತಿ ಬಟ್ಟೆ ರೀ! ಇದು ಬಾಟಲಿದಲ್ಲ!"

"ಬಾಟಲಿಯನ್ನೂ ಮೀರಿದ್ದು!" ಎಂದು ಯಜಮಾನರು ತಮ್ಮ ಬಟ್ಟಲಲ್ಲಿ ಮೂಗಿಟ್ಟು ಜೋರಾಗಿ ಎಳೆದುಕೊಂಡರು. "ಹೌದು ಹೌದು, ನಂಗೂ ಬಂತು! ಗಂಜಿ! ಬಣ್ಣ ಕೂಡ ತಿಳೀತಿದೆ, ತಿಳಿನೀಲಿ."

"ಗುಂಡಿ!" ರಾಯರು ಎದ್ದು ನಿಂತರು. "ಗುಂಡಿ ಕರಗ್ತಾ ಇದೆ, ಪ್ಲಾಸ್ಟಿಕ್ ಗುಂಡಿ!"

"ಆಹಾ, ಕೊನೇಲಿ ಗುಂಡಿ," ಎಂದು ಡಾಕ್ಟರು ಕಣ್ಣುಮುಚ್ಚಿದರು. "ಎಷ್ಟು ಗುಂಡಿ ಅಂತ ಹೇಳ್ಬಹುದಾ?"

"ಮೊದಲನೇ ಅಂತಸ್ತು! ಕೆಳಗಿಂದ ಬರ್ತಾ ಇದೆ! ಹೊಗೆ! ಬೆಂಕಿ!"

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಹೊಗೆಯ ವಾಸನೆ ಎಲ್ಲರ ಮೂಗಿಗೂ ಬರುತ್ತಿತ್ತು. ಅದೆಲ್ಲ ಬಾಟಲಿಯ ಮಹಿಮೆ ಎಂದು ಎಲ್ಲರೂ ತಲೆದೂಗುತ್ತಿದ್ದರು. ಮೇಷ್ಟ್ರು ಕೂಡ ಮುಷ್ಟಿ ಬಿಗಿಹಿಡಿದೇ ತಲೆದೂಗಿದರು. "ಎಂಥ ಮೂಗು ಸ್ವಾಮಿ! ಗಂಜಿ ಹಾಕಿದ ತಿಳಿನೀಲಿ ಹತ್ತಿ ಅಂಗಿ. ನನ್ನದೂ ಒಂದು ಅಂಥದ್ದೇ ಇದೆ. ಈಗತಾನೆ ಇಸ್ತ್ರಿ..."

ಮಾತು ಅಲ್ಲಿಗೆ ನಿಂತಿತು. ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಬನಿಯನ್ ನೋಡಿಕೊಂಡರು. ತಲೆಯೆತ್ತಿ ರಾಯರನ್ನು ನೋಡಿದರು. ಮತ್ತೆ ಬನಿಯನ್ ನೋಡಿಕೊಂಡರು. ಗಂಟೆ ಬಾರಿಸಿದಾಗ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಇಳಿಯಬೇಕೆಂಬ ನಿಯಮವನ್ನು ಬರೆದವರೇ ಅವರು. ಅಕ್ಷರಶಃ ಪಾಲಿಸಿದ್ದರು.

"ಅಯ್ಯಯ್ಯೋ ನನ್ನ ಇಸ್ತ್ರಿಪೆಟ್ಟಿಗೆ!"

ಎರಡು ಅಂತಸ್ತನ್ನು ಮೇಷ್ಟ್ರು ಇಳಿದರೋ ಬಿದ್ದರೋ ಹೇಳುವುದು ಕಷ್ಟ. ಮೊದಲನೇ ಅಂತಸ್ತಿನಲ್ಲಿ ಅವರ ಮನೆಯ ತೆರೆದ ಬಾಗಿಲಿಂದ ಹೊಗೆ ಸುರುಳಿಯಾಗಿ ಬರುತ್ತಿತ್ತು. ಒಳಗೆ ಪರದೆಗೂ ಉರಿ ಹತ್ತಿತ್ತು. ಗಾಬರಿಯಲ್ಲಿ ಮೇಷ್ಟ್ರು ಅಲ್ಲಿ ನಿಲ್ಲದೆ ಕೆಳಗೆ ಓಡಿ, ಮುಷ್ಟಿಯಲ್ಲಿದ್ದ ಬೀಗದಕೈಯಿಂದ ಪೆಟ್ಟಿಗೆ ತೆಗೆದು, ಎರಡೂ ಕೈಯಿಂದ ಗಂಟೆ ಬಾರಿಸತೊಡಗಿದರು.

ಮೇಲೆ ಡಾಕ್ಟರ ಮನೆಯಲ್ಲಿ ಜನ, "ಶುರು ಮಾಡಿದ್ರಪ್ಪಾ ಈ ಹೊಗೆರಾಯರು ಮತ್ತೆ," ಎಂದು ಗೊಣಗಿ ಕೂತಲ್ಲೇ ಕೂತರು. ರಾಯರು ಅವರ ನಡುವೆಯೇ ನಿಂತು, "ನಾನಲ್ಲ ರೀ! ನಾನು ಇಲ್ಲೇ ಇದೀನಿ!" ಎಂದು ಕೂಗಿಕೊಂಡ ಮೇಲೆಯೇ ಅವರಿಗೆ ವಿಷಯ ಹೊಳೆದದ್ದು.

ಪುಣ್ಯಕ್ಕೆ ಕೆಂಪು ಗಾಡಿ ಬಾಗಿಲಲ್ಲೇ ನಿಂತಿತ್ತು. ಬಿಚ್ಚಿದ ಕೊಳವೆಯನ್ನು ಇನ್ನೂ ಸುತ್ತಿರಲಿಲ್ಲ. ಅಧಿಕಾರಿ ಮೆಟ್ಟಿಲಿಂದಲೇ ಕೂಗಿದರು. ಎರಡು ನಿಮಿಷದಲ್ಲಿ ಉರಿ ಆರಿತು. ಹೋದದ್ದು ಒಂದು ಅಂಗಿ, ಒಂದು ಪರದೆ, ಒಂದು ಮೇಜು, ಒಂದು ಹಳೇ ಇಸ್ತ್ರಿಪೆಟ್ಟಿಗೆ. ಕರಕಲಾದ ಅಂಗಿಯ ಕಾಲರನ್ನು ಅಧಿಕಾರಿ ಎತ್ತಿ ಹಿಡಿದರು. ತಿಳಿನೀಲಿಯೇ. ಬಣ್ಣದಂಗಡಿ ಯಜಮಾನರು ಸುತ್ತಲೂ ನೋಡಿ, "ನಾನು ಹೇಳಿರಲಿಲ್ವಾ?" ಎಂದರು. ಅವರು ಹೇಗೆ ಹೇಳಿದರೆಂಬುದು ಅವರಿಗೂ ಇಂದಿಗೂ ತಿಳಿದಿಲ್ಲ.

ಅಧಿಕಾರಿ ಗೋಡೆಗೊರಗಿ ನಮೂನೆ ತುಂಬಿದರು. ಬಹಳ ಹೊತ್ತು ಪೆನ್ನು ಕಚ್ಚಿದರು, ಆಮೇಲೆ ಬರೆದು, ಎಲ್ಲರಿಗೂ ಕೇಳುವಂತೆ ಓದಿ ಸಹಿ ಹಾಕಿದರು.

"ಬೆಂಕಿಗೆ ಕಾರಣ: ಗಂಟೆ. ಬೆಂಕಿ ಬೇಗ ಆರಲು ಕಾರಣ: ಅದೇ ಗಂಟೆ. ಸುಳ್ಳು ಕರೆ: ಹೌದು. ನಿಜವಾದ ಕರೆ: ಹೌದು."

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ನಮೂನೆ ತುಂಬಿಲ್ಲ ಎಂದರು. ಹ್ಯಾಟು ತೆಗೆದು ರಾಯರಿಗೆ ತಲೆಬಾಗಿ, ಗಾಡಿ ಹತ್ತಿದರು.

ಆರೂವರೆಯ ಸಭೆ ಏಳಕ್ಕೆ ನಡೆಯಿತು. ಮೇಷ್ಟ್ರ ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಬೀರು ಇದ್ದ ಕೋಣೆಯಲ್ಲಿ ಮೊಣಕಾಲುದ್ದ ನೀರು. ಕಡೆಗೆ ರಾಯರ ಹೆಂಡತಿಯೇ ರಾಯರ ಒಂದು ಬಿಳಿ ಅಂಗಿ ತಂದು ಕೊಟ್ಟರು. ಸೊಂಟದ ಹತ್ತಿರ ಬಿಗಿ, ತೋಳಿನಲ್ಲಿ ಉದ್ದ. ಮೇಷ್ಟ್ರು ಅದನ್ನು ತೊಟ್ಟು, ಬೀಗದಕೈಯನ್ನು ಅದರ ಜೇಬಿಗೆ ಹಾಕಿಕೊಂಡು, ಅಧ್ಯಕ್ಷ ಪೀಠದಲ್ಲಿ ಕುಳಿತರು.

"ಬೀಗದಕೈ ರಾಯರಿಗೆ ವಾಪಸ್ ಕೊಡಿ!" ಎಂದು ಡಾಕ್ಟರು ಎದ್ದರು.

"ನಿರ್ಣಯ ಅಂದ್ರೆ ನಿರ್ಣಯ," ಎಂದರು ಮೇಷ್ಟ್ರು ಯಾರ ಮುಖವನ್ನೂ ನೋಡದೆ. "ಸಂಘದ ಪುಸ್ತಕದಲ್ಲಿ ಬರೆದಿದ್ದನ್ನ ಒಂದು ಅಂಗಿಗೋಸ್ಕರ ಬದಲಾಯಿಸೋಕಾಗಲ್ಲ. ಮುಂದಿನ ವಿಷಯ, ನೀರಿನ ಮೋಟಾರು."

ರಾಯರು ಮನೆಗೆ ಬಂದು ಊಟ ಬೇಡವೆಂದರು. ಕಟ್ಟಡವೆಲ್ಲ ಹೊಗಳಿತ್ತು, ರುಚಿ ಮಂಡಳಿ ಅಧ್ಯಕ್ಷಗಿರಿ ಕೊಟ್ಟಿತ್ತು. ಆದರೂ ಕೈ ಮತ್ತೆ ಮತ್ತೆ ಕೊರಳಿಗೆ ಹೋಗುತ್ತಿತ್ತು. ಸೋಮವಾರ ನೆಲಮಾಳಿಗೆಯಲ್ಲಿ ಇಡೀ ದಿನ ಯಾರೊಂದಿಗೂ ಮಾತಾಡಲಿಲ್ಲ. ಮಾತಾಡಲು ಯಾರೂ ಬರಲೂ ಇಲ್ಲ.

ಬುಧವಾರ ಸಾಯಂಕಾಲ ಮನೆಗೆ ಬಂದಾಗ ಹೆಂಡತಿ ಒಂದು ಮಡಚಿದ ಅಂಗಿ ಮುಂದೆ ಹಿಡಿದರು.

"ಮೇಷ್ಟ್ರ ಹೆಂಡ್ತಿ ಬಂದು ಕೊಟ್ಟು ಹೋದ್ರು. ಒಗೆದಿದೀವಿ, ಆದ್ರೆ ಇಸ್ತ್ರಿ ಮಾಡಕ್ಕಾಗಲಿಲ್ಲ, ತಪ್ಪು ತಿಳ್ಕೋಬೇಡಿ ಅಂದ್ರು. ಮೇಷ್ಟ್ರೇ ಕೂತು ಮಡಚಿದ್ರಂತೆ."

ಅಂಗಿ ನಾಲ್ಕು ಮೂಲೆಯೂ ಸರಿಸಮನಾಗಿ, ಚೌಕಾಕಾರವಾಗಿ ಮಡಚಲಾಗಿತ್ತು. ರಾಯರು ಅದನ್ನು ಸುಮ್ಮನೆ ಕೈಗೆ ತೆಗೆದುಕೊಂಡರು. ಅಭ್ಯಾಸ ಬಿಡುತ್ತದೆಯೇ? ಮೂಗಿನ ಹತ್ತಿರ ಹೋಯಿತು.

"ಸೋಪು," ಎಂದರು. "ಸೀಮೆಸುಣ್ಣ... ಸ್ವಲ್ಪ ಹೊಗೆ, ಅದು ಅವರ ಮನೆಯದು." ಆಮೇಲೆ ತಡೆದರು. ಇನ್ನೊಮ್ಮೆ ಮೂಸಿದರು. "ಹಿತ್ತಾಳೆ."

"ಏನು?"

"ನಿಂಬೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಕಣೇ."

ಹೆಂಡತಿ ಜೇಬಿಗೆ ಕೈ ಹಾಕಿದರು. ಹೊಸ ದಾರ ಕಟ್ಟಿದ ಬೀಗದಕೈ ಥಳಥಳ ಹೊಳೆಯುತ್ತ ಹೊರಗೆ ಬಂತು. ಇಷ್ಟು ವರ್ಷ ರಾಯರ ಕೊರಳಲ್ಲಿದ್ದರೂ ಅದು ಹಾಗೆ ಹೊಳೆದಿರಲಿಲ್ಲ.

"ಮರೆತು ಜೇಬಲ್ಲೇ ಬಿಟ್ಟಿರ್ಬೇಕು ಪಾಪ," ಎಂದರು ಹೆಂಡತಿ.

"ಹೌದು, ಮರೆತಿರ್ಬೇಕು," ಎಂದು ರಾಯರು ಕೊರಳು ಮುಂದಕ್ಕೆ ಚಾಚಿದರು.